ಅಂಗಡಿಗೊಂದು ಅಂಕಿ: 5411ರ ಕಥೆ

ಖರಾಡಿಯಲ್ಲಿ ನಮ್ಮ ಮನೆಯಿಂದ ಹೊರಬಿದ್ದರೆ ಐದು ನಿಮಿಷದ ನಡಿಗೆಯೊಳಗೆ ಅಕ್ಕಿ ಸಿಗುವ ಮೂರು ಜಾಗಗಳಿವೆ. ಒಂದು ದೊಡ್ಡ ಸೂಪರ್ ಮಾರ್ಕೆಟ್ಟು, ಇನ್ನೊಂದು ನಮ್ಮ ಕಡೆಯವರೇ ನಡೆಸುವ ಕಿರಾಣಿ ಅಂಗಡಿ. ಮೂರನೆಯದು ಔಷಧಿ ಅಂಗಡಿಯವರು ಪಕ್ಕದ ಮಳಿಗೆಯನ್ನೂ ಸೇರಿಸಿಕೊಂಡು ಇಟ್ಟಿರುವ ದಿನಸಿ ವಿಭಾಗ. ಮೂರೂ ಕಡೆ ಅದೇ ಸೋನಾ ಮಸೂರಿ, ಅದೇ ಐದು ಕಿಲೋ ಚೀಲ. ತೆಗೆದು ಕೊಡುವ ಕಾರ್ಡೂ ಒಂದೇ. ದಿನಸಿ ಖರೀದಿಗೆ ನೂರಕ್ಕೆ ಐದು ರೂಪಾಯಿ ವಾಪಸ್ಸು ಎಂದು ಕಾರ್ಡಿನ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಆದರೆ ತಿಂಗಳ ಕೊನೆಗೆ ಸ್ಟೇಟ್‌ಮೆಂಟು ಬಂದಾಗ ಸೂಪರ್ ಮಾರ್ಕೆಟ್ಟಿನ ಅಕ್ಕಿಗೆ ಕ್ಯಾಶ್‌ಬ್ಯಾಕ್ ಬಂದಿರುತ್ತದೆ, ಉಳಿದ ಎರಡು ಕಡೆಯ ಅಕ್ಕಿಗೆ ಬಂದಿರುವುದಿಲ್ಲ.

ಇದೇನು ಮೋಸವೇ? ಅಲ್ಲ. ಬ್ಯಾಂಕಿಗೆ ನೀವು ಅಕ್ಕಿ ಕೊಂಡದ್ದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಗಡಿಯ ಹೆಸರು, ಮೊತ್ತ, ಹೊತ್ತು ಮತ್ತು ನಾಲ್ಕು ಅಂಕಿಯ ಒಂದು ಸಂಖ್ಯೆ. ಈ ಸಂಖ್ಯೆಗೆ ಮರ್ಚೆಂಟ್ ಕೆಟಗರಿ ಕೋಡ್ ಎಂದು ಹೆಸರು, ಚಿಕ್ಕದಾಗಿ ಎಂಸಿಸಿ. ಕಾರ್ಡು ತೆಗೆದುಕೊಳ್ಳುವ ಪ್ರತಿ ಅಂಗಡಿಗೂ ಅದೊಂದು ಇರಲೇಬೇಕು. ದಿನಸಿ ಅಂಗಡಿ, ಸೂಪರ್ ಮಾರ್ಕೆಟ್ಟಿಗೆ 5411. ಹೋಟೆಲಿಗೆ, ಅಂದರೆ ಊಟದ ಹೋಟೆಲಿಗೆ 5812. ಔಷಧಿ ಅಂಗಡಿಗೆ 5912, ಚಿನ್ನಬೆಳ್ಳಿ ಅಂಗಡಿಗೆ 5944, ಪೆಟ್ರೋಲ್ ಪಂಪಿಗೆ 5541, ಆಸ್ಪತ್ರೆಗೆ 8062, ಶಾಲೆಗೆ 8211. ಔಷಧಿ ಅಂಗಡಿಯವರ ಮಷೀನಿನಲ್ಲಿ ಉಜ್ಜಿದ ಅಕ್ಕಿ ಬ್ಯಾಂಕಿನ ಲೆಕ್ಕದಲ್ಲಿ ಔಷಧಿಯೇ.

ಈ ಸಂಖ್ಯೆಗಳು ಎಲ್ಲಿಂದ ಬಂದವು, ಯಾರು ಯಾರಿಗೋಸ್ಕರ ಮಾಡಿದರು ಎಂದು ಹುಡುಕುತ್ತಾ ಹೋದರೆ ಒಳ್ಳೆ ಸ್ವಾರಸ್ಯದ ಚರಿತ್ರೆ ಸಿಗುತ್ತದೆ. ನಮ್ಮ ಐದು ರೂಪಾಯಿ ಅದರಲ್ಲಿ ಬಹಳ ತಡವಾಗಿ ಬಂದ ಪಾತ್ರ.

ವ್ಯಾಪಾರಿಯನ್ನು ಯಾವುದೋ ಒಂದು ವರ್ಗಕ್ಕೆ ಸೇರಿಸಿ ಆಮೇಲೆ ಅವನಿಂದ ಎಷ್ಟು ವಸೂಲು ಮಾಡಬೇಕೆಂದು ತೀರ್ಮಾನಿಸುವುದು ಹೊಸ ಬುದ್ಧಿಯೇನಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ನಮ್ಮ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕಗಳಿಗೆ ಬೇರೆ ಬೇರೆ ಹೆಸರುಗಳಿವೆ. ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಂಘಗಳು ಇದ್ದ ಕಾಲ ಅದು. ಸುಂಕದವನು ಮಾತ್ರ ಹೇರಿನಲ್ಲಿ ಏನಿದೆ ಎಂದು ಸರಕನ್ನು ನೋಡುತ್ತಿದ್ದ. ಈಗ ಜಿಎಸ್‌ಟಿಯೂ ಹಾಗೆಯೇ ನೋಡುತ್ತದೆ. 2017ರ ಜುಲೈ 1ರಿಂದ ನಮ್ಮ ಬಿಲ್ಲುಗಳಲ್ಲಿ ಕಾಣುತ್ತಿರುವ ಎಚ್‌ಎಸ್‌ಎನ್ ಸಂಖ್ಯೆ ವಸ್ತುವಿಗೆ ಅಂಟಿಕೊಂಡದ್ದು. ಅಕ್ಕಿ ಎಲ್ಲಿ ಮಾರಿದರೂ 1006. ಕಾರ್ಡಿನ ಸಂಖ್ಯೆ ಅಂಗಡಿಗೆ ಅಂಟಿಕೊಂಡದ್ದು. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡರೆ ಕ್ಯಾಶ್‌ಬ್ಯಾಕಿನ ಮುಕ್ಕಾಲು ಒಗಟು ಬಿಡಿಸಿದಂತೆ.

ಈಗ 5411ರ ಹುಟ್ಟೂರಿಗೆ ಹೋಗೋಣ. ಅದು ಯಾವ ಬ್ಯಾಂಕಿನಲ್ಲೂ ಹುಟ್ಟಿದ್ದಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತದ ಹೊತ್ತಿಗೆ ಅಮೆರಿಕದ ಸರ್ಕಾರಿ ಇಲಾಖೆಗಳು ಉದ್ಯೋಗ, ವ್ಯಾಪಾರ, ಕಾರ್ಖಾನೆಗಳ ಲೆಕ್ಕವನ್ನು ಒಂದೊಂದು ರೀತಿಯಲ್ಲಿ ಇಡುತ್ತಿದ್ದವು. ಒಬ್ಬರ ಅಂಕಿ ಇನ್ನೊಬ್ಬರ ಅಂಕಿಗೆ ತಾಳೆಯಾಗುತ್ತಿರಲಿಲ್ಲ. ಎಲ್ಲರಿಗೂ ಒಂದೇ ಪಟ್ಟಿ ಇರಲಿ ಎಂದು ಆ ದಶಕದ ಕೊನೆಯಲ್ಲಿ ಅಧಿಕಾರಿಗಳು ಕೂತು ಒಂದು ಉದ್ಯಮ ವರ್ಗೀಕರಣ ಶುರು ಮಾಡಿದರು. ಎಸ್‌ಐಸಿ ಎಂದು ಕರೆಯಲಾಗುವ ಆ ಪಟ್ಟಿಯಲ್ಲಿ ಮುಂದೆ ದಿನಸಿ ಅಂಗಡಿಗೆ 5411, ಊಟದ ಜಾಗಕ್ಕೆ 5812, ಔಷಧಿ ಅಂಗಡಿಗೆ 5912, ಪೆಟ್ರೋಲ್ ಪಂಪಿಗೆ 5541, ಆಸ್ಪತ್ರೆಗೆ 8062, ಶಾಲೆಗೆ 8211 ಎಂಬ ಅಂಕಿಗಳು ನೆಲೆನಿಂತವು. ನೋಡಿ, ಮೇಲೆ ಕಾರ್ಡಿನ ಸಂಖ್ಯೆಗಳೆಂದು ಹೇಳಿದ ಅವೇ ಅಂಕಿಗಳು! ಜನಗಣತಿಯಂಥ ಕೆಲಸಕ್ಕೆ ಮಾಡಿದ ಪಟ್ಟಿಯ ದೊಡ್ಡ ಭಾಗವನ್ನೇ ಕಾರ್ಡಿನವರು ಎತ್ತಿಕೊಂಡರು. ಅಮೆರಿಕ ಸರ್ಕಾರ 1997ರಲ್ಲಿ ಬೇರೊಂದು ವರ್ಗೀಕರಣಕ್ಕೆ ಬದಲಾಯಿತು, ಹಳೆಯದು ಅಲ್ಲೊಂದು ಇಲ್ಲೊಂದು ಇಲಾಖೆಯಲ್ಲಿ ಉಳಿಯಿತು. ಕಾರ್ಡಿನ ಲೋಕದಲ್ಲಿ ಮಾತ್ರ ಅದು ಬದಲಾಗದೆ ಮುಂದುವರಿದು ಮುಳಾ-ಮುಠಾ ದಂಡೆಯ ಖರಾಡಿಯ ತನಕ ಬಂದು ತಲುಪಿದೆ.

ಕಾರ್ಡಿನವರಿಗೆ ಇಂಥ ಪಟ್ಟಿ ಯಾಕೆ ಬೇಕಾಯಿತು? 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಶುರುವಾದಾಗ ಇದರ ಅಗತ್ಯವೇ ಇರಲಿಲ್ಲ. ಹೆಸರೇ ಹೇಳುವಂತೆ ಅದು ಮುಖ್ಯವಾಗಿ ಊಟದ ಹೋಟೆಲುಗಳ ಕಾರ್ಡು, ಹೋಟೆಲಿನವರಿಂದ ನೂರಕ್ಕೆ ಏಳರಂತೆ ಕಡಿದುಕೊಳ್ಳುತ್ತಿತ್ತು. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಪಟ್ಟಣದ ಸುಮಾರು 60 ಸಾವಿರ ಜನಕ್ಕೆ, ಅವರು ಕೇಳದಿದ್ದರೂ, ಅಂಚೆಯಲ್ಲಿ ಕಾರ್ಡು ಕಳಿಸಿತು. ಅಲ್ಲಿಂದ ಕಾರ್ಡು ಎಲ್ಲ ಬಗೆಯ ಅಂಗಡಿಗೂ ಕಾಲಿಟ್ಟಿತು. ಆ ಕಾರ್ಡೇ 1976ರಲ್ಲಿ ವೀಸಾ ಎಂದು ಹೆಸರು ಬದಲಿಸಿಕೊಂಡಿತು. ಪ್ರತಿಸ್ಪರ್ಧಿ ಬ್ಯಾಂಕುಗಳ ಕೂಟ 1979ರಲ್ಲಿ ಮಾಸ್ಟರ್‌ಕಾರ್ಡ್ ಆಯಿತು.

ಅಂಗಡಿಗಳು ಲಕ್ಷಗಟ್ಟಲೆಯಾದಾಗ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗಲಿಲ್ಲ. ದಿನಸಿ ಅಂಗಡಿಯವನ ಲಾಭ ತೆಳ್ಳಗೆ, ಅವನಿಂದ ಹೆಚ್ಚು ಕೇಳಿದರೆ ಕಾರ್ಡೇ ಬೇಡ ಎನ್ನುತ್ತಾನೆ. ವಿಮಾನ ಕಂಪನಿ ಇಂದು ದುಡ್ಡು ತೆಗೆದುಕೊಂಡು ಮೂರು ತಿಂಗಳಾದ ಮೇಲೆ ಹಾರಿಸುತ್ತದೆ, ನಡುವೆ ದಿವಾಳಿಯಾದರೆ ಬ್ಯಾಂಕಿನ ತಲೆಗೆ. ಜೂಜಿನ ಅಡ್ಡೆಯಿಂದ ಬರುವ ತಕರಾರೇ ಬೇರೆ. ಹಾಗಾಗಿ ಅಪಾಯಕ್ಕೆ ತಕ್ಕಂತೆ, ಲಾಭಕ್ಕೆ ತಕ್ಕಂತೆ ಶುಲ್ಕ ಹಾಕಲು ವರ್ಗಗಳು ಬೇಕಾದವು. ಎರವಲು ತಂದ ಪಟ್ಟಿ ಸಾಲದಾದ ಕಡೆ ಹೊಸದು ಸೇರಿಸಿದರು. ಸರ್ಕಾರಿ ಪಟ್ಟಿಯಲ್ಲಿ 3000ದಿಂದ ಮುಂದೆ ಕಾರ್ಖಾನೆಗಳಿದ್ದವು. ಕಾರ್ಡಿನ ಪಟ್ಟಿಯಲ್ಲಿ ಆ ಜಾಗವನ್ನು ವಿಮಾನ ಕಂಪನಿಗಳಿಗೂ ದೊಡ್ಡ ವಸತಿ ಹೋಟೆಲುಗಳಿಗೂ ಒಂದೊಂದಾಗಿ ಹಂಚಿಕೊಟ್ಟರು. ನಮ್ಮ ಏರ್ ಇಂಡಿಯಾಕ್ಕೆ ಸಿಕ್ಕಿದ್ದು 3020.

ಬ್ಯಾಂಕಿನಿಂದ ಬ್ಯಾಂಕಿಗೆ ಕಾರ್ಡಿನ ಸಂದೇಶ ಹೇಗೆ ಹೋಗಬೇಕೆಂಬ ಅಂತರರಾಷ್ಟ್ರೀಯ ಮಾನಕ, ಐಎಸ್‌ಓ 8583, 1987ರಲ್ಲಿ ಬಂತು. ಅದರ 18ನೇ ಅಂಕಣ ಅಂಗಡಿಯ ವರ್ಗಕ್ಕೆ ಮೀಸಲು. ಗಿಣ್ಣು, ಗೋಧಿ, ಗುಳಿಗೆ ಎಂದು ಸರಕಿನ ಪಟ್ಟಿ ನಮ್ಮಂಥವರ ಸಾಧಾರಣ ಕಾರ್ಡಿನ ಸಂದೇಶದಲ್ಲಿ ಹೋಗುವುದಿಲ್ಲ. ವರ್ಗಗಳ ಪಟ್ಟಿಗೇ ಐಎಸ್‌ಓ 18245 ಎಂಬ ಮಾನಕ ಬಂದದ್ದು 2003ರಲ್ಲಿ. ಮರುವರ್ಷವೇ ಅಮೆರಿಕದ ತೆರಿಗೆ ಇಲಾಖೆ ಕಾರ್ಡಿನ ಯಾವ ಪಾವತಿಗಳನ್ನು ತನಗೆ ವರದಿ ಮಾಡಬೇಕೆಂದು ನಿರ್ಧರಿಸಲು ಇದೇ ಸಂಖ್ಯೆಗಳನ್ನು ಬಳಸಬಹುದೆಂದು ಸೂಚನೆ ಹೊರಡಿಸಿತು. ಲೆಕ್ಕಕ್ಕೆಂದು ಹುಟ್ಟಿದ್ದು ಶುಲ್ಕಕ್ಕೆ ಬಂತು, ಶುಲ್ಕದಿಂದ ತೆರಿಗೆಗೆ ಹೋಯಿತು.

ಕ್ಯಾಶ್‌ಬ್ಯಾಕಿನ ದಾರಿ ಬೇರೆ. ಸಿಯರ್ಸ್ ಎಂಬ ಅಮೆರಿಕದ ದೊಡ್ಡ ಅಂಗಡಿ ಸಮೂಹ 1986ರಲ್ಲಿ ಡಿಸ್ಕವರ್ ಕಾರ್ಡನ್ನು ದೇಶದಾದ್ಯಂತ ತಂದಾಗ ವರ್ಷದ ಖರ್ಚಿನಲ್ಲಿ ಒಂದಿಷ್ಟನ್ನು ನಗದಾಗಿ ಮರಳಿಸುತ್ತೇವೆ ಎಂದದ್ದು ದೊಡ್ಡ ಸುದ್ದಿಯಾಯಿತು. ಆಮೇಲೆ ಬಂದವರು, ಪೆಟ್ರೋಲಿಗೆ ಇಷ್ಟು, ದಿನಸಿಗೆ ಇಷ್ಟು, ಹೋಟೆಲೂಟಕ್ಕೆ ಇಷ್ಟು ಎಂದು ವಿಂಗಡಿಸತೊಡಗಿದರು. ವಿಂಗಡಿಸಲು ಹೊಸ ಉಪಕರಣವೇನೂ ಬೇಕಿರಲಿಲ್ಲ. 18ನೇ ಅಂಕಣದಲ್ಲಿ ಸಂಖ್ಯೆ ಸಿದ್ಧವಾಗಿ ಕೂತಿತ್ತು.

ಹಾಗಾದರೆ ವಾಪಸ್ಸು ಬರುವ ದುಡ್ಡು ಯಾರದು? ಲೆಕ್ಕಕ್ಕೆ ಒಂದು ಸಾವಿರ ರೂಪಾಯಿಯ ದಿನಸಿ ಹಿಡಿಯಿರಿ. ಅಂಗಡಿಯವರ ಶುಲ್ಕ ನೂರಕ್ಕೆ ಎರಡು ಎಂದಿಟ್ಟುಕೊಂಡರೆ ಅವರ ಕೈಗೆ ಸೇರುವುದು 980 ರೂಪಾಯಿ. ಉಳಿದ 20ರಲ್ಲಿ ದೊಡ್ಡ ಪಾಲು ನಿಮಗೆ ಕಾರ್ಡು ಕೊಟ್ಟ ಬ್ಯಾಂಕಿಗೆ, ಚಿಕ್ಕ ಪಾಲು ಮಷೀನು ಕೊಟ್ಟ ಬ್ಯಾಂಕಿಗೆ ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಕ್ಕೆ. ನಿಮ್ಮ ಕ್ಯಾಶ್‌ಬ್ಯಾಕ್ ಆ ದೊಡ್ಡ ಪಾಲಿನಿಂದ ಬರಬೇಕು. ಆದರೆ 50 ರೂಪಾಯಿ ವಾಪಸ್ಸು ಕೊಡುತ್ತೇನೆಂದು ಬ್ಯಾಂಕು ಹೇಳಿದರೆ 20ರಲ್ಲಿ 50 ಎಲ್ಲಿಂದ ಹುಟ್ಟುತ್ತದೆ? ಒಂದೋ ಆ ದೊಡ್ಡ ಅಂಗಡಿಯೇ ಬ್ಯಾಂಕಿನ ಜೊತೆ ಒಪ್ಪಂದ ಮಾಡಿಕೊಂಡು ಒಂದಿಷ್ಟು ಹಾಕಿರುತ್ತದೆ, ಇಲ್ಲವೇ ತಿಂಗಳಿಗೆ ಇಷ್ಟೇ ಎಂದು ಮಿತಿ ಇರುತ್ತದೆ. ಇವೆರಡೂ ಸಾಲದಾದರೆ ಬಾಕಿ ಪೂರ್ತಿ ಕಟ್ಟಲಾಗದೆ ತಿಂಗಳಿಗೆ ನೂರಕ್ಕೆ ಮೂರೂವರೆಯ ಆಸುಪಾಸಿನ ಬಡ್ಡಿ ಕಟ್ಟುವ ಇನ್ನೊಬ್ಬ ಕಾರ್ಡುದಾರನ ಜೇಬು ಇದೆ. ವರ್ಷಕ್ಕೆ ಅದು ನಲವತ್ತು ದಾಟುತ್ತದೆ. ಬಾಕಿಯನ್ನು ಮುಂದಿನ ತಿಂಗಳಿಗೆ ತಳ್ಳುವವರು ಕ್ಯಾಶ್‌ಬ್ಯಾಕಿನ ಲೆಕ್ಕ ಹಾಕುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ನಮ್ಮ ದೇಶಕ್ಕೆ ಬರೋಣ. ಬ್ಯಾಂಕು ಕೊಡುವ ಕ್ರೆಡಿಟ್ ಕಾರ್ಡು ಇಲ್ಲಿ ಕಾಣಿಸಿಕೊಂಡದ್ದು 1980ರಲ್ಲಿ, ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದಿಂದ. ನಮ್ಮ ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕು ಕೂಡ ಆಮೇಲೆ ಕ್ಯಾನ್‌ಕಾರ್ಡ್ ಎಂದು ತಂದಿತು. ಹಳಬರ ಪರ್ಸಿನಲ್ಲಿ ಅದನ್ನು ನೋಡಿದ ನೆನಪು ಕೆಲವರಿಗಾದರೂ ಇರಬಹುದು. ಆಗೆಲ್ಲ ಕಾರ್ಡೆಂದರೆ ದೊಡ್ಡವರ ವಿಷಯ. ನಮ್ಮ ಮನೆಗಳಲ್ಲಿ ಕಿರಾಣಿ ಅಂಗಡಿಯ ಉದ್ರಿ ಖಾತೆಯೇ ಕಾರ್ಡು. ಸಾವಕಾರರ ಕಿರ್ದಿ ಪುಸ್ತಕದಲ್ಲಿ ನಮ್ಮ ಅಪ್ಪಂದಿರ ಹೆಸರಿಗೆ ಒಂದು ಪುಟ ಇರುತ್ತಿತ್ತು, ಮನೆತನ ನೋಡಿ ಮಿತಿ ಇಡುತ್ತಿದ್ದರು. ಅಲ್ಲಿ ಅಂಗಡಿಯವರು ಗಿರಾಕಿಯನ್ನು ಅಳೆಯುತ್ತಿದ್ದರು, ಈಗ ಬ್ಯಾಂಕು ಅಂಗಡಿ, ಗಿರಾಕಿ ಇಬ್ಬರನ್ನೂ ಅಳೆಯುತ್ತದೆ.

ಕ್ಯಾಶ್‌ಬ್ಯಾಕ್ ಕ್ರೆಡಿಟ್ ಕಾರ್ಡಿಗೇ ಯಾಕೆ ಅಂಟಿಕೊಂಡಿತು ಎನ್ನುವುದಕ್ಕೂ ಇತಿಹಾಸವಿದೆ. ಡೆಬಿಟ್ ಕಾರ್ಡಿನ ಶುಲ್ಕಕ್ಕೆ ರಿಸರ್ವ್ ಬ್ಯಾಂಕು ಮಿತಿ ಹಾಕುತ್ತಾ ಬಂತು. 2018ರ ಜನವರಿಯಿಂದ ಮಷೀನಿನಲ್ಲಿ ಉಜ್ಜಿದರೆ ಚಿಕ್ಕ ವ್ಯಾಪಾರಿಗೆ ನೂರಕ್ಕೆ 0.40, ಉಳಿದವರಿಗೆ 0.90ರ ಮೇಲೆ ಹೋಗುವಂತಿಲ್ಲ ಎಂದಾಯಿತು. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ ಶುಲ್ಕವೇ ಇಲ್ಲ ಎಂದಾಯಿತು. ಬಾವಿಯಲ್ಲಿ ನೀರೇ ಇಲ್ಲದ ಮೇಲೆ ಕೊಡ ತುಂಬುವುದೆಲ್ಲಿಂದ? ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಹಾಕಿರಲಿಲ್ಲ, ಕೊಡುಗೆಗಳೆಲ್ಲ ಅಲ್ಲಿಗೇ ಹರಿದವು.

ಜನ ಬುದ್ಧಿವಂತರು. ಯಾವ ಸಂಖ್ಯೆಯಲ್ಲಿ ಲಾಭ ಇದೆಯೋ ಅಲ್ಲಿ ನುಗ್ಗಿದರು, ಬ್ಯಾಂಕುಗಳು ಒಂದೊಂದೇ ಬಾಗಿಲು ಮುಚ್ಚುತ್ತಾ ಬಂದವು. ಪೆಟ್ರೋಲ್ ಪಂಪಿನ ಕಥೆ ನೋಡಿ. 2016ರ ನವೆಂಬರ್ 8ರ ನೋಟು ರದ್ದತಿಯ ಮರುತಿಂಗಳು ಸರ್ಕಾರಿ ತೈಲ ಕಂಪನಿಗಳು ಕಾರ್ಡಿನಲ್ಲಿ ಕೊಟ್ಟವರಿಗೆ ನೂರಕ್ಕೆ 0.75 ರಿಯಾಯಿತಿ ಶುರು ಮಾಡಿದವು. 2017ರ ಜನವರಿಯಲ್ಲಿ ಬ್ಯಾಂಕುಗಳು ಪಂಪಿನವರಿಂದ ನೂರಕ್ಕೆ ಒಂದು ಶುಲ್ಕ ಕೇಳಿದಾಗ ಅವರು ಕಾರ್ಡೇ ಮುಟ್ಟುವುದಿಲ್ಲ ಎಂದು ಪಟ್ಟು ಹಿಡಿದರು. ಕೊನೆಗೆ ಸರ್ಕಾರ ನಡುವೆ ಬರಬೇಕಾಯಿತು. ಕ್ರೆಡಿಟ್ ಕಾರ್ಡಿಗೆ ಇದ್ದ ಆ ರಿಯಾಯಿತಿ 2019ರ ಅಕ್ಟೋಬರ್ 1ಕ್ಕೆ ನಿಂತಿತು. ಈಗಲೂ ಎಷ್ಟೋ ಕಾರ್ಡುಗಳ ಕ್ಯಾಶ್‌ಬ್ಯಾಕ್ ನಿಯಮಗಳಲ್ಲಿ ಇಂಧನವನ್ನು ಹೊರಗಿಟ್ಟಿರುತ್ತಾರೆ. ಮೊಬೈಲ್ ವ್ಯಾಲೆಟ್ಟಿಗೆ ದುಡ್ಡು ತುಂಬಿಸುವ 6540ಕ್ಕೂ ಎಷ್ಟೋ ಬ್ಯಾಂಕುಗಳಲ್ಲಿ ಅದೇ ಗತಿಯಾಯಿತು.

ಖರಾಡಿಯಂಥ ಜಾಗದಲ್ಲಿ ಹೆಚ್ಚು ಜನಕ್ಕೆ ತಟ್ಟಿದ್ದು 6513, ಅಂದರೆ ಬಾಡಿಗೆ. ಐಟಿ ಪಾರ್ಕಿನ ಸುತ್ತ ಎದ್ದ ಕಟ್ಟಡಗಳಲ್ಲಿ ಬಾಡಿಗೆಗಿರುವ ನಮ್ಮ ಹುಡುಗ ಹುಡುಗಿಯರಿಗೆ ತಿಂಗಳ ದೊಡ್ಡ ಖರ್ಚು ಅದೇ. ಆ್ಯಪಿನ ಮೂಲಕ ಕಾರ್ಡಿನಲ್ಲಿ ಬಾಡಿಗೆ ಕಟ್ಟಿ ಪಾಯಿಂಟು ಗಳಿಸುವುದು ಕೆಲವು ವರ್ಷ ಭರ್ಜರಿ ನಡೆಯಿತು. ಮನೆಯೇ ಇಲ್ಲದ ಬಾಡಿಗೆಯನ್ನು ಗೆಳೆಯನ ಹೆಸರಿಗೆ ಕಟ್ಟಿ ದುಡ್ಡು ತಿರುಗಿಸುವವರೂ ಹುಟ್ಟಿಕೊಂಡರು. 2022ರ ಅಕ್ಟೋಬರ್ 20ರಿಂದ ಐಸಿಐಸಿಐ ಬ್ಯಾಂಕು ಬಾಡಿಗೆ ಪಾವತಿಗೆ ನೂರಕ್ಕೆ ಒಂದು ಶುಲ್ಕ ಹಾಕಿತು, ನವೆಂಬರ್ 15ರಿಂದ ಎಸ್‌ಬಿಐ ಕಾರ್ಡ್ 99 ರೂಪಾಯಿ ಮತ್ತು ತೆರಿಗೆ ಹಾಕಿತು, ಉಳಿದವರೂ ಹಿಂಬಾಲಿಸಿದರು. 2025ರ ಸೆಪ್ಟೆಂಬರ್ 15ರಂದು ರಿಸರ್ವ್ ಬ್ಯಾಂಕು ಪಾವತಿ ಮಧ್ಯವರ್ತಿಗಳಿಗೆ ಹೊಸ ನಿರ್ದೇಶನ ಹೊರಡಿಸಿ, ಒಪ್ಪಂದ ಮಾಡಿಕೊಂಡು ಪೂರ್ತಿ ಪರಿಶೀಲಿಸಿದ ವ್ಯಾಪಾರಿಗಳಿಗೆ ಮಾತ್ರ ದುಡ್ಡು ದಾಟಿಸಬೇಕು ಎಂದಿತು. ಮನೆ ಮಾಲೀಕ ವ್ಯಾಪಾರಿಯಲ್ಲವಲ್ಲ! ಫೋನ್‌ಪೇ, ಪೇಟಿಎಂ, ಕ್ರೆಡ್ ಮುಂತಾದವು ಕಾರ್ಡಿನ ಬಾಡಿಗೆ ಸೇವೆಯನ್ನು ನಿಲ್ಲಿಸಿದವು.

ಇದೆಲ್ಲ ಗಿರಾಕಿಯ ಕಡೆಯ ಮಾತಾಯಿತು. ಅಂಗಡಿಯ ಕಡೆಯಿಂದಲೂ ನೋಡಬೇಕು. ಮೊದಲು ಹೇಳಿದ ಕಿರಾಣಿ ಅಂಗಡಿಯವರು ಇಂಡಿ ತಾಲೂಕಿನವರು. ಸೊಲ್ಲಾಪುರ ದಾಟಿ ಪುಣೆಗೆ ಬಂದ ಸಾವಿರಾರು ಕುಟುಂಬಗಳಲ್ಲಿ ಅವರದೂ ಒಂದು. ಬಿಳಿಜೋಳ, ಶೇಂಗಾ ಚಟ್ನಿ, ಗುರೆಳ್ಳು ಎಲ್ಲ ಇಟ್ಟಿರುತ್ತಾರೆ. ಕಾರ್ಡಿನ ಗಿರಾಕಿಗಳು ಒಬ್ಬೊಬ್ಬರಾಗಿ ಸೂಪರ್ ಮಾರ್ಕೆಟ್ಟಿಗೆ ಜಾರುತ್ತಿದ್ದಾರೆ, ಯಾಕೋ ಗೊತ್ತಾಗುತ್ತಿಲ್ಲ ಎಂದು ಒಮ್ಮೆ ಹೇಳಿಕೊಂಡರು. ನನ್ನ ಕಾರ್ಡಿನ ಬ್ಯಾಂಕಿಗೆ ಫೋನು ಮಾಡಿ ಆ ಅಂಗಡಿಯ ಖರೀದಿ ಯಾವ ವರ್ಗದಲ್ಲಿ ಬಂದಿದೆ ಎಂದು ಕೇಳಿದೆ. 4812 ಎಂದರು. ಅದು ಮೊಬೈಲ್ ಫೋನು ಮಾರುವ ಅಂಗಡಿಯ ಸಂಖ್ಯೆ. ಆ ಮಳಿಗೆಯಲ್ಲಿ ಮೊದಲು ಮೊಬೈಲ್ ಅಂಗಡಿ ಇತ್ತು. ಮಷೀನು ಕೊಡಲು ಬಂದ ಏಜೆಂಟ ಹಳೆಯ ಅರ್ಜಿಯನ್ನೇ ನೋಡಿ ತುಂಬಿಸಿದಂತಿತ್ತು.

“ಸಾವಕಾರ್ರ, ಬ್ಯಾಂಕಿನ ಲೆಕ್ಕದಾಗ ನಿಮ್ಮದು ಮೊಬೈಲ್ ಅಂಗಡಿ ಐತ್ರಿ” ಅಂದೆ.

“ಅಲ್ರೀ ಸರ, ನಾ ಮಾರೋದು ಜ್ವಾಳ, ಬ್ಯಾಳಿ. ಇವ್ರು ಕಣ್ಣಿಲೆ ನೋಡಿ ಹೋಗ್ಯಾರ, ಮತ್ತ ಹಿಂಗ ಬರಕೊಂಡಾರ?” ಎಂದು ಅವರು ನಕ್ಕರು. ಆದರೆ ಅದು ನಗುವ ವಿಷಯವಾಗಿರಲಿಲ್ಲ. ಶುಲ್ಕ ಅವರು ಕಟ್ಟುತ್ತಲೇ ಇದ್ದರು. ಅದರಿಂದ ಗಿರಾಕಿಗೆ ಸಿಗಬೇಕಾದ ಪಾಲು ಸಿಗದೆ, ಗಿರಾಕಿಯೂ ಕೈಬಿಟ್ಟು ಹೋಗುತ್ತಿದ್ದ. ಎದುರಿನ ದೊಡ್ಡ ಅಂಗಡಿಗೆ ಇಂಥದನ್ನು ನೋಡಿಕೊಳ್ಳಲು ಲೆಕ್ಕದ ಇಲಾಖೆಯೇ ಇದೆ, ಇವರಿಗೆ ಇಂಥದೊಂದು ಸಂಖ್ಯೆ ಇದೆ ಎಂದೇ ತಿಳಿದಿರಲಿಲ್ಲ. ಸಂಖ್ಯೆ ಕೊಡುವುದು ಮಷೀನಿನ ಹಿಂದಿರುವ ಬ್ಯಾಂಕು, ನಮಗೆ ಕಾರ್ಡು ಕೊಟ್ಟವರು ಅದನ್ನು ತಿದ್ದಲಾರರು. ಹಾಗಾಗಿ ಅಂಗಡಿ ಪರವಾನಗಿ, ಜಿಎಸ್‌ಟಿ ಪ್ರಮಾಣಪತ್ರದ ಪ್ರತಿ ಇಟ್ಟು ಮಷೀನಿನ ಬ್ಯಾಂಕಿಗೆ ಬರಹದಲ್ಲಿ ಅರ್ಜಿ ಕೊಡಿಸಿದೆವು. ಒಂದು ತಿಂಗಳ ಓಡಾಟದ ನಂತರ 5411 ಆಯಿತು. ಹೋದ ಗಿರಾಕಿಗಳಲ್ಲಿ ಕೆಲವರು ತಿರುಗಿ ಬಂದರು, ಎಲ್ಲರೂ ಬರಲಿಲ್ಲ.

ಯುಪಿಐ ಬಂದ ಮೇಲೆ ಈ ಸಂಖ್ಯೆಗಳ ಕಾಲ ಮುಗಿಯಿತು ಎಂದುಕೊಂಡಿದ್ದರೆ ಅದೂ ನಿಜವಲ್ಲ. ವ್ಯಾಪಾರಿಯ ಕ್ಯುಆರ್ ಚಿತ್ರದೊಳಗೂ ಅದೇ ನಾಲ್ಕು ಅಂಕಿ ಅಡಗಿರುತ್ತದೆ. ವ್ಯಾಲೆಟ್ಟಿನಿಂದ ಯುಪಿಐ ಮೂಲಕ ಎರಡು ಸಾವಿರಕ್ಕಿಂತ ಹೆಚ್ಚು ಕೊಟ್ಟರೆ ಬ್ಯಾಂಕುಗಳ ನಡುವಿನ ಶುಲ್ಕ ಎಷ್ಟೆಂದು ಎನ್‌ಪಿಸಿಐ 2023ರಲ್ಲಿ ನಿಗದಿ ಮಾಡಿದಾಗ ಇಂಧನಕ್ಕೆ ನೂರಕ್ಕೆ 0.5, ಶಿಕ್ಷಣಕ್ಕೆ 0.7, ಸೂಪರ್ ಮಾರ್ಕೆಟ್ಟಿಗೆ 0.9, ಗರಿಷ್ಠ 1.1 ಎಂದು ವರ್ಗ ನೋಡಿಯೇ ಹಂಚಿತು. 2024ರ ಸೆಪ್ಟೆಂಬರಿನಲ್ಲಿ ತೆರಿಗೆಯ 9311ಕ್ಕೆ ಯುಪಿಐ ಮಿತಿಯನ್ನು ಐದು ಲಕ್ಷಕ್ಕೆ ಏರಿಸಿದ್ದೂ ಸಂಖ್ಯೆಯನ್ನು ಹಿಡಿದೇ.

ಒಂದು ಸಂಖ್ಯೆಗೆ ಇಷ್ಟೊಂದು ಜಗಳ ಬೇಕೇ ಎನ್ನಿಸಿದರೆ ಅಮೆರಿಕವನ್ನೇ ನೋಡಿ. ಬಂದೂಕಿನ ಅಂಗಡಿಗಳಿಗೆ ಪ್ರತ್ಯೇಕ ಸಂಖ್ಯೆ ಇರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಐಎಸ್‌ಓ 5723 ಎಂಬ ಹೊಸ ಸಂಖ್ಯೆಗೆ ಒಪ್ಪಿಗೆ ಕೊಟ್ಟಾಗ ದೇಶವೇ ಎರಡಾಯಿತು. ಅನುಮಾನದ ಖರೀದಿ ಗೊತ್ತಾಗುತ್ತದೆ ಎಂದರು ಒಂದು ಕಡೆಯವರು, ನಮ್ಮ ಮೇಲೆ ಕಣ್ಣಿಡುತ್ತಾರೆ ಎಂದರು ಇನ್ನೊಂದು ಕಡೆಯವರು. 2023ರ ಮಾರ್ಚಿನಲ್ಲಿ ಕಾರ್ಡು ಕಂಪನಿಗಳು ಅದನ್ನು ಜಾರಿ ಮಾಡುವ ಕೆಲಸಕ್ಕೆ ತಡೆ ಹಾಕಿದವು. ಫ್ಲಾರಿಡಾ ಅದನ್ನು ಬಳಸಕೂಡದೆಂದು ಕಾನೂನು ಮಾಡಿತು, ಕ್ಯಾಲಿಫೋರ್ನಿಯಾ ಬಳಸಲೇಬೇಕೆಂದು ಮಾಡಿತು.

ನಮ್ಮಂಥ ಸಂಸಾರಸ್ಥರು ಮಾಡಬಹುದಾದದ್ದು ಚಿಕ್ಕದು. ಆಸ್ಪತ್ರೆಯೊಳಗಿನ ಔಷಧಿ ಮಳಿಗೆಯ ಬಿಲ್ಲು 5912 ಆಗಿ ಬರುತ್ತದೋ 8062 ಆಗಿ ಬರುತ್ತದೋ ಎಂದು ದೊಡ್ಡ ಮೊತ್ತ ಕಟ್ಟುವ ಮೊದಲೇ ಸಣ್ಣದೊಂದು ಖರೀದಿ ಮಾಡಿ ನೋಡಿಕೊಳ್ಳಿ. ಶಾಲೆಯ ಫೀಸು, ವಿಮೆ, ಕರೆಂಟು ಬಿಲ್ಲು ಕಾರ್ಡಿನಲ್ಲಿ ಕಟ್ಟುವವರು ಹೊರಗಿಟ್ಟ ವರ್ಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಓದಿ, ಅದು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ನಿಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಕ್ಯಾಶ್‌ಬ್ಯಾಕ್ ಬರಲಿಲ್ಲವೆಂದು ಅಂಗಡಿ ಬದಲಿಸುವ ಮೊದಲು ಅವರ ಸಂಖ್ಯೆ ಯಾವುದೆಂದು ನಿಮ್ಮ ಬ್ಯಾಂಕನ್ನು ಕೇಳಿ, ತಪ್ಪಿದ್ದರೆ ಅವರಿಗೆ ತಿಳಿಸಿ. ಪುಣೆಯ ಉಡುಪಿ ಹೋಟೆಲು, ಬೇಕರಿ, ಕಿರಾಣಿ ನಡೆಸುತ್ತಿರುವ ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಮಷೀನು ಕೊಟ್ಟ ಬ್ಯಾಂಕಿಗೆ ಒಂದು ಫೋನು ಮಾಡಿ ಕೇಳಿ ನೋಡಿ: ನಿಮ್ಮ ಪುಸ್ತಕದಲ್ಲಿ ನಾವು ಏನು ಮಾರುತ್ತೇವೆ ಎಂದು ಬರೆದಿದ್ದೀರಿ?